ಸರಸತ್ತೆಯ ನಾಲ್ಕು ತಂತಿಗಳು

ಸರಸತ್ತೆಗೆ ಹಾಡುಗಾರರು ಕೇಳಿಸುತ್ತಲೇ ಇರಲಿಲ್ಲ. ಟೀವಿಯಲ್ಲಾಗಲಿ, ಕಲ್ಯಾಣ ಮಂಟಪದಲ್ಲಾಗಲಿ ಹಾಡು ಶುರುವಾದರೆ ಸಾಕು, ತಲೆ ಓರೆ ಮಾಡಿ, ಬುಟ್ಟಿಯ ಮೇಲಿನ ಹಣ್ಣುಗಳನ್ನೆಲ್ಲ ಸರಿಸಿ ಅಡಿಯದನ್ನು ತಡಕುವವರ ಹಾಗೆ ಹಾಡಿನ ತಳಕ್ಕೆ ಕಿವಿ ಕೊಡುತ್ತಿದ್ದರು. "ಮೇಲೆ ಕೂಗೋರ್ನ ಬಿಡೋ. ಕೆಳಗೆ ಯಾರು ನಡೀತಿದಾರೆ, ಅದನ್ನ ಕೇಳು" ಎನ್ನುತ್ತಿದ್ದರು.

ನಮಗೆ ಆಕೆ ನಂಟರೇನಲ್ಲ. ತಾಂಬರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಮಾಧ್ವರ ಕುಟುಂಬ. ಅವರ ಕನ್ನಡದಲ್ಲಿ ಅರ್ಧ ತಮಿಳು. ಗಂಡ ಗುರುರಾಜ ಮಾವ ಬಂದರಿನ ಕಚೇರಿಯಿಂದ ನಿವೃತ್ತರು, ಪೇಪರಿನ ಹಿಂದೆ ವಾಸ. ಏಕಾದಶಿ ತಪ್ಪಿಸದ ಈ ಅತ್ತೆ ಒಂದು ಕಾಲಕ್ಕೆ ಹಾಡಿನ ತಳದ ತಗ್ಗು ಸ್ವರ ಹಿಡಿಯುವ ಬೇಸ್ ಗಿಟಾರ್ ನುಡಿಸುತ್ತಿದ್ದರೆಂದು ನನಗೆ ಗೊತ್ತಾದದ್ದು ನನ್ನ ತಂಗಿಯ ರಿಸೆಪ್ಷನ್ನಿನಲ್ಲಿ. ಎಗ್ಮೋರಿನ ಹೋಟೆಲು. ಎಲ್ಲರೂ ಉಡುಗೊರೆ ಹಿಡಿದು ಸಾಲು ನಿಂತಿದ್ದರೆ ಈಕೆ ಕಾಂಜೀವರಂ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಆರ್ಕೆಸ್ಟ್ರಾದವರ ಬಳಿ ಹೋದರು. ಬೇಸ್ ನುಡಿಸುತ್ತಿದ್ದವನಿಗೆ ಏನೋ ಹೇಳಿದರು. ಅವನು ಮುಖ ಗಂಟಿಕ್ಕಿದ; ಆಮೇಲೆ ಬಗ್ಗಿ ಒಂದು ತಂತಿ ಬಿಗಿ ಮಾಡಿದ.

"ಏನತ್ತೆ ಹೇಳಿದ್ರಿ?"

"ತಂತಿ ಇಳಿದಿತ್ತು ಕಣೋ. ಪಾವಂ, ಅವನಿಗೆ ಯಾರೂ ಹೇಳೋರಿಲ್ಲ. ನಾನೂ ಏಳು ವರ್ಷ ನುಡಿಸಿದೀನಲ್ಲ, ಹೊಟ್ಟೆ ಉರೀತು."

ಹೆಂಗಸರದೇ ಒಂದು ಲೈಟ್ ಮ್ಯೂಸಿಕ್ ತಂಡವಿತ್ತಂತೆ. ಹಡಗಿನಲ್ಲಿ ಕೆಲಸದಲ್ಲಿದ್ದ ಅಣ್ಣ ಜಪಾನಿನಿಂದ ತಂದುಕೊಟ್ಟ ಗಿಟಾರ್. ಡ್ರಮ್ಸ್ ಬಾರಿಸುತ್ತಿದ್ದವಳು ಫಿಲೋಮಿನಾ. ತಂಡ ಎಂದೋ ಮುರಿದುಬಿದ್ದರೂ ಅವರಿಬ್ಬರ ಜಗಳ ಮುರಿದಿರಲಿಲ್ಲ. ಕೊನೆಯ ಕಛೇರಿಯಲ್ಲಿ ತಾಳ ಕೆಟ್ಟದ್ದು ಯಾರಿಂದ? ಮಾಧವರಂನಲ್ಲಿ ಮಗಳ ಮನೆಯಲ್ಲಿದ್ದ ಫಿಲೋಮಿನಾ ಫೋನ್ ಮಾಡಿದಾಗಲೆಲ್ಲ ಮಂಡಿನೋವು, ಮೊಮ್ಮಕ್ಕಳು ಎಲ್ಲ ಮುಗಿದ ಮೇಲೆ ಮಾತು ಅಲ್ಲಿಗೇ ಬರುತ್ತಿತ್ತು. "ಓಡಿದ್ದು ನೀನು!" ಎಂದು ಇವರು. "ನೀ ದಾನ್ ಡೀ ಸ್ಲೋ!" ಎಂದು ಫೋನಿನೊಳಗಿಂದ ಅವರು. ನಿಧಾನ ನಿನ್ನದೇ ಕಣೇ ಎಂದು.

ಒಂದು ದಿನ ಅಂಥದೇ ಫೋನ್ ಇಟ್ಟು ಸರಸತ್ತೆ ನನ್ನನ್ನು ಕರೆದರು. "ನೀನು ರೈಲ್ವೇಲಿ ವೈರ್ ಗೀರ್ ನೋಡ್ತೀಯಲ್ಲ. ಅಟ್ಟದ ಮೇಲಿಂದ ಅದನ್ನ ಇಳಿಸು. ಇದನ್ನ ತೀರ್ಮಾನ ಮಾಡದೆ ನಾನು ಸಾಯಲ್ಲ."

ಹಳೆ ಸೀರೆಯಲ್ಲಿ ಸುತ್ತಿದ್ದ ಗಿಟಾರ್ ಬಿಚ್ಚಿದೆ. ಅಂಚಿನಲ್ಲಿ ಕಪ್ಪು, ನಡುವೆ ಜೇನಿನ ಬಣ್ಣ. ಆಕೆಯ ಹೆಬ್ಬೆರಳು ಊರುತ್ತಿದ್ದ ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. ಆದರೆ ಸಮುದ್ರದ ಗಾಳಿಗೆ ತಂತಿಗಳು ತುಕ್ಕು ಹಿಡಿದಿದ್ದವು, ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ಒಳಗಿನ ವೈರುಗಳ ಹೊದಿಕೆ ಮುಟ್ಟಿದರೆ ಹಪ್ಪಳ. ಅದೃಷ್ಟಕ್ಕೆ, ತಂತಿಯ ಅದುರಾಟವನ್ನು ಹಿಡಿಯುವ ಪಿಕಪ್ಪಿನ ಸುರುಳಿಗೆ ಇನ್ನೂ ಜೀವವಿತ್ತು.

ಭಾನುವಾರಗಳಲ್ಲಿ ಅವರ ಊಟದ ಮೇಜಿನ ಮೇಲೆ ಕೆಲಸ ಸಾಗಿತು. ಕತ್ತಿನೊಳಗಿನ ಕಂಬಿಯನ್ನು ವಾರಕ್ಕೆ ಇಷ್ಟಿಷ್ಟೇ ತಿರುಗಿಸಿ ನೇರ ಮಾಡಿದೆ. ನನಗೋ ಹಳೆಯದರ ವ್ಯಾಮೋಹ. ಆ ಕಾಲದ ಗುಂಡಿ, ಬಿರುಕು ಬಿಟ್ಟ ಕಂಟ್ರೋಲು, ಒಣಗಿದ ಕೆಪಾಸಿಟರು, ಎಲ್ಲ ಹಾಗೇ ಇರಲಿ ಎಂದು ವಾದಿಸಿದೆ. ಅತ್ತೆ ಕಾಫಿ ಲೋಟ ಕುಕ್ಕಿದರು. "ಮ್ಯೂಸಿಯಂ ಎಗ್ಮೋರಲ್ಲಿದೆ. ಇದು ನನ್ನ ಮನೆ. ನಂಗೆ ಸದ್ದು ಬರ್ಬೇಕು, ಅಷ್ಟೇ."

ರಿಚ್ಚಿ ಸ್ಟ್ರೀಟಿನಿಂದ ಹೊಸ ಭಾಗಗಳೂ ಒಂದು ಸಣ್ಣ ಆಂಪ್ಲಿಫೈಯರೂ ಬಂದವು. ನಾನು ಬೆಸುಗೆ ಹಾಕುವಾಗ ಅವರೇ ಟಾರ್ಚ್ ಹಿಡಿದರು. ಮೊದಲ ಸಲ ಆಂಪ್ಲಿಫೈಯರಿಗೆ ಜೋಡಿಸಿದಾಗ ಜೇನುಗೂಡಿನಂಥ ಗುಂಯ್ ಸದ್ದು. ಗಿಟಾರಿನ ತಂತಿಗಳು ಕೂರುವ ಸೇತುವೆಯ ಕೆಳಗಿನ ಅರ್ತ್ ವೈರು ತುಂಡಾಗಿತ್ತು. ಹೊಸದನ್ನು ಎಳೆದು ಬೆಸೆದೆ. ಗುಂಯ್ ನಿಂತಿತು. ಸರಸತ್ತೆ ದಪ್ಪ ತಂತಿಯನ್ನು ಮೀಟಿದರು, ಕಣ್ಣು ಮುಚ್ಚಿಕೊಂಡರು.

ಮಾಧವರಂಗೆ ಕಾರು ಮಾಡಿಕೊಂಡು ಹೋದೆವು. ಫಿಲೋಮಿನಾ ದೊಡ್ಡ ದೇಹದ, ದೊಡ್ಡ ನಗೆಯ ಹೆಂಗಸು. ಅವರ ಡ್ರಮ್ಸ್ ಎಂದೋ ಮಾರಿಹೋಗಿತ್ತು. ಒಂದು ಸ್ನೇರ್ ಡ್ರಮ್ ಮಾತ್ರ ಉಳಿದಿತ್ತು. ಇಬ್ಬರೂ ಆ ಕೊನೆಯ ಕಛೇರಿಯಲ್ಲಿ ತಾಳ ಕೆಟ್ಟ ಹಾಡನ್ನೇ ಎತ್ತಿಕೊಂಡರು. ಸರಸತ್ತೆಯ ಬೆರಳುಗಳಿಗೆ ಸಂಧಿವಾತ. ಎರಡನೇ ಸಾಲಿಗೇ ತಡವರಿಸಿದರು. ಫಿಲೋಮಿನಾ ಒಮ್ಮೆ ಆ ಬೆರಳುಗಳನ್ನು ನೋಡಿದರು, ಮತ್ತೆ ನೋಡಲಿಲ್ಲ. ಹಾಡು ಸುಸೂತ್ರವಾಗಿ ಮುಗಿಯಿತು. "ಪಾರ್ತಿಯಾ, ನೋಡಿದ್ಯಾ? ತಪ್ಪು ನನ್ನದೇ ಇತ್ತು. ನಾನೇ ಓಡಿದ್ದು" ಎಂದು ಫಿಲೋಮಿನಾ ತಮಿಳಿನಲ್ಲಿ ಒಪ್ಪಿಕೊಂಡು ಗೆಳತಿಯ ಕೆನ್ನೆ ಹಿಂಡಿದರು.

ವಾಪಸು ಬರುವಾಗ ಸರಸತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ಗೆದ್ರಲ್ಲ ಅತ್ತೆ" ಎಂದೆ.

"ಎಲ್ಲಿ ಗೆದ್ದೆ? ಅವಳು ನಂಗೋಸ್ಕರ ನಿಧಾನ ಮಾಡಿದ್ಲು. ಒಂದೊಂದು ಏಟಿಗೂ ನನ್ನ ಬೆರಳು ಬರೋ ತನಕ ಕಾದ್ಲು." ಸೆರಗಿನಿಂದ ಮೂಗು ಒರೆಸಿಕೊಂಡರು. "ಅಪ್ಪುರಂ ಸುಳ್ಳು ಬೇರೆ ಹೇಳ್ತಾಳೆ, ಕಳ್ಳಿ."

ಆಮೇಲೆ ಅವರ ಫೋನಿನಲ್ಲಿ ಆ ಜಗಳ ಕೇಳಲಿಲ್ಲ. ಆದರೆ ದಿನಾ ಸಂಜೆ ಕಾಫಿಯ ನಂತರ ಸರಸತ್ತೆ ಅಭ್ಯಾಸಕ್ಕೆ ಕೂರುತ್ತಿದ್ದರು. ಅವಳನ್ನು ಕಾಯಿಸಬಾರದಲ್ಲ ಎಂದು.

ತಮಿಳರ ಐಪ್ಪಸಿ ತಿಂಗಳ ಮಳೆಯಲ್ಲಿ ಸರಸತ್ತೆಗೆ ಜ್ವರ ಬಂತು, ನ್ಯುಮೋನಿಯಾಕ್ಕೆ ತಿರುಗಿತು. ನಾನು ಕೆಲಸದ ಮೇಲೆ ಕಾಟ್ಪಾಡಿಯಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವೈಕುಂಠ ಸಮಾರಾಧನೆಯ ಮರುದಿನ ಸಂಜೆ ಅವರ ಮನೆಗೆ ಹೋದೆ. ನೆಂಟರೆಲ್ಲ ಹೊರಟುಹೋಗಿದ್ದರು. ಗುರುರಾಜ ಮಾವ ಊಟದ ಮೇಜಿನ ಮುಂದೆ ಕೂತಿದ್ದರು, ಪೇಪರು ಮಡಿಸಿಟ್ಟು. ಅತ್ತೆಯ ಸಂಗೀತದ ಬಗ್ಗೆ ಅವರು ಒಂದು ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ.

"ನಂಗೆ ಪಾಟ್ಟು ಗೀಟ್ಟು ಗೊತ್ತಾಗಲ್ಲಪ್ಪ" ಎಂದರು. "ಅವಳು ಬಾರಿಸಿದ್ರೆ ಆ ಶೆಲ್ಫಲ್ಲಿರೋ ಲೋಟಗಳು ಅದುರೋವು. ಒಂದ್ಸಲ ಆ ತಂತಿ ಎಳಿತೀಯಾ? ಯಾವುದಾದ್ರೂ ಸೆರಿ."

ಪ್ಲಗ್ ಹಾಕಿದೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಎಳೆದು ಬಿಟ್ಟೆ. ಶೆಲ್ಫಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನುಡಿದವು. ಅವು ನಿಲ್ಲುವ ತನಕ ಮಾವ ಮೇಜಿನ ಮೇಲೆ ಅಂಗೈ ಊರಿಕೊಂಡೇ ಇದ್ದರು.