ಹಾರ ಹಾಕದ ಕಟ್ಟು

ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಿತ್ತು. ಮೂವತ್ತು ವರ್ಷ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಎಡಗಣ್ಣು ಮುಚ್ಚಿ ಮುಚ್ಚಿ, ಅದರ ಸುತ್ತ ನೆರಿಗೆ ಬಿದ್ದುಬಿಟ್ಟಿದ್ದವು. ಬೀದಿಯಲ್ಲಿ ನಿಂತು ಮಾತಾಡುವಾಗಲೂ ಆ ಕಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಹೊಸಬರು ಇವರೇನೋ ತಮ್ಮನ್ನು ಚೇಷ್ಟೆ ಮಾಡುತ್ತಿದ್ದಾರೆಂದು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಬೈಲಹೊಂಗಲದ ಪೇಟೆಯಲ್ಲಿ ಅವರದು ಫೋಟೋ ಸ್ಟುಡಿಯೋ. ಗೋಡೆಗೆ ಗೋಡೆ ಹತ್ತಿ ನನ್ನದು, ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ಊರಿಗೆಲ್ಲ ಅವರು ಫೋಟೋ ಕಾಕಾ. ನನಗೂ ಕಾಕಾನೇ.

ಕಾಕಾ ಯಾರಿಗೂ ನಗಿರಿ ಎನ್ನುತ್ತಿರಲಿಲ್ಲ. "ಇವತ್ತ ಮನ್ಯಾಗ ಏನ್ ಪಲ್ಲೆ ಮಾಡ್ಯಾರ್ರಿ?" ಎಂದು ಕೇಳಿ, ಎದುರಿನವರು ಉತ್ತರಕ್ಕೆ ಬಾಯಿ ತೆರೆಯುತ್ತಿದ್ದಂತೆ ಬಟನ್ ಒತ್ತುತ್ತಿದ್ದರು. ಹೀಗಾಗಿ ನಮ್ಮೂರಿನ ಅರ್ಧ ಜನ ತಮ್ಮ ಫೋಟೋಗಳಲ್ಲಿ ಬದನೆಕಾಯಿ ಎಂದೋ ಪುಂಡಿಪಲ್ಲೆ ಎಂದೋ ಹೇಳಲು ಹೊರಟು ಅಲ್ಲೇ ನಿಂತುಬಿಟ್ಟಿದ್ದಾರೆ. ನನ್ನ ಮದುವೆಯ ಫೋಟೋದಲ್ಲಿ ನಾನೂ ಹಾಗೇ ಬಾಯಿ ತೆರೆದು ನಿಂತಿದ್ದೇನೆ. ನನ್ನ ಹೆಂಡತಿ ಇಂದಿಗೂ ಬಂದವರಿಗೆಲ್ಲ ಅದನ್ನು ತೋರಿಸಿ ಆಡಿಕೊಳ್ಳುತ್ತಾಳೆ.

ಆಷಾಢ ಬಂತೆಂದರೆ ಲಗ್ನಗಳಿಲ್ಲ. ಕಾಕಾ ಸ್ಟುಡಿಯೋಕ್ಕೆ ಕೀಲಿ ಹಾಕಿ, ಹೆಗಲಿಗೊಂದು ಚೀಲ ಏರಿಸಿ ರೈಲು ಹತ್ತುತ್ತಿದ್ದರು. ಕಾಶಿ, ಪುರಿ, ಜೈಸಲ್ಮೇರ್, ಎಲ್ಲ ಕಡೆಗೂ ಒಬ್ಬರೇ. ತಂದ ಫೋಟೋಗಳಲ್ಲಿ ದೇವರೂ ಇರುತ್ತಿರಲಿಲ್ಲ, ಕೋಟೆಯೂ ಇರುತ್ತಿರಲಿಲ್ಲ.

"ಕಾಶಿಗೆ ಹೋಗಿ ವಿಶ್ವನಾಥನ್ನ ಬಿಟ್ಟು ಚಹಾ ಸೋಸಾವನ ಫೋಟೋ ತಂದೀರಲ್ಲ ಕಾಕಾ" ಎಂದು ನಾನು ಕೆಣಕಿದೆ ಒಮ್ಮೆ.

"ವಿಶ್ವನಾಥ ಎಲ್ಲಿ ಹೋಗ್ತಾನೋ ತಮ್ಮಾ, ಮುಂದಿನ ಸಲಾನೂ ಅಲ್ಲೇ ಇರ್ತಾನ. ಚಹಾದಾವ ಇರ್ತಾನಂತ ಹ್ಯಾಂಗ ಹೇಳ್ತಿ?" ಎಂದರು.

ಆ ಫೋಟೋಗಳೆಲ್ಲ ಒಂದು ತಗಡಿನ ಪೆಟ್ಟಿಗೆ ಸೇರುತ್ತಿದ್ದವು. ಅವರ ಹೆಂಡತಿ, ಅಂದರೆ ನಮ್ಮ ಕಾಕೂ, ಮತ್ತು ನಾನು ಬಿಟ್ಟರೆ ಅವನ್ನು ನೋಡಿದವರಿಲ್ಲ.

ಹಾಗೊಂದು ಆಷಾಢದಲ್ಲಿ ಗುಜರಾತಿನ ಕಛ್ ಕಡೆಯ ಹಳ್ಳಿಯೊಂದರಲ್ಲಿ ಅವರಿಗೆ ಜ್ವರ ಬಂತಂತೆ. ಬಸ್ ನಿಲ್ದಾಣದಲ್ಲಿ ಮುದುಡಿ ಮಲಗಿದ್ದವರನ್ನು ಒಬ್ಬ ಅಜ್ಜಿ ಮನೆಗೆ ಕರೆದೊಯ್ದು ಮೂರು ದಿನ ಇಟ್ಟುಕೊಂಡಳು. ಇವರ ಮಾತು ಅವಳಿಗೆ ತಿಳಿಯದು, ಅವಳ ಮಾತು ಇವರಿಗೆ ತಿಳಿಯದು. ಸಜ್ಜೆ ರೊಟ್ಟಿ, ಮಜ್ಜಿಗೆ ಮಾತ್ರ ಇಬ್ಬರಿಗೂ ತಿಳಿಯುತ್ತಿತ್ತು. ಹೊರಡುವ ದಿನ, ಹೊಸ್ತಿಲಲ್ಲಿ ಕುಳಿತು ಬಟ್ಟೆಗೆ ಕಸೂತಿ ಹಾಕುತ್ತಿದ್ದ ಅವಳ ಫೋಟೋ ತೆಗೆದು, ಕಳಿಸುತ್ತೇನೆಂದು ಸನ್ನೆಯಲ್ಲಿ ಹೇಳಿ ಬಂದರು. ಇವತ್ತು ನಾಳೆ ಎನ್ನುತ್ತ ಕಳಿಸಲೇ ಇಲ್ಲ.

ಎರಡು ಸಾವಿರದ ಒಂದರ ಜನವರಿಯಲ್ಲಿ ಅಲ್ಲಿಯೇ ಭೂಮಿ ನಡುಗಿತು. ಕಾಕಾ ಎರಡು ದಿನ ಟಿ.ವಿ. ಮುಂದಿನಿಂದ ಏಳಲಿಲ್ಲ. ಮೂರನೆಯ ದಿನ ತಗಡಿನ ಪೆಟ್ಟಿಗೆಯನ್ನು ತಂದು ನನ್ನ ಅಂಗಡಿಯ ಕಟ್ಟೆಯ ಮೇಲಿಟ್ಟರು.

"ನಲವತ್ತು ದೊಡ್ಡ ಕಟ್ಟು ಬೇಕು. ಊರಿಗೆ ತೋರಸೂಣು. ಮಂದಿ ಕೊಟ್ಟ ರೊಕ್ಕ, ಕಂಬಳಿ ತಗೊಂಡು ನಾನ ಹೋಗಿ ಬರ್ತೇನಿ."

"ಬ್ಯಾರೆ ಊರಾವ್ರ ಮಾರಿ ನೋಡಾಕ ಯಾರ್ ಬರ್ತಾರ ಕಾಕಾ?"

"ಆಕಿ ನನ್ನ ಮಾರಿ ನೋಡೇ ಒಳಗ ಕರಕೊಂಡ್ಳಪಾ" ಎಂದರು. ನಾನು ಅಳತೆಪಟ್ಟಿ ಕೈಗೆತ್ತಿಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಬದುಕಿರುವ ತನಕ ಮನುಷ್ಯನ ಫೋಟೋ ಅಂಗೈಯಗಲ ಇದ್ದರೆ ಸಾಕು. ಸತ್ತ ಮೇಲೆ ಮನೆಯವರು ಯಾವುದೋ ಗುಂಪಿನ ಫೋಟೋ ಹಿಡಿದು ಬರುತ್ತಾರೆ. ಅದರಲ್ಲಿ ಉಳಿದವರನ್ನು ಬಿಟ್ಟು ತೀರಿಕೊಂಡವರನ್ನಷ್ಟೇ ತೆಗೆದು ದೊಡ್ಡದು ಮಾಡಿಸುತ್ತಾರೆ. ಅದಕ್ಕೆ ಕಟ್ಟು ಹಾಕಿ, ಮೇಲೊಂದು ಗಂಧದ ಹಾರ ತೂಗಿಬಿಟ್ಟು ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಕೈಗೆ ಅದೇ ಚಾಳಿ.

ಊರಿನ ಕನ್ನಡ ಸಾಲೆಯ ದೊಡ್ಡ ಕೋಣೆಯಲ್ಲಿ ಫೋಟೋ ತೂಗುಹಾಕಿದ ದಿನ ಕಾಕಾ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದರು. ಬಾಗಿಲಿಗೆ ಎದುರಾಗಿ ಎಲ್ಲಕ್ಕಿಂತ ದೊಡ್ಡ ಕಟ್ಟು, ಆ ಅಜ್ಜಿಯದು. ನಾನು ಒಂದು ಹಾರ ತೆಗೆದು ಅದಕ್ಕೆ ಹಾಕಿದೆ. ನೋಡಲು ಚೆಂದವೂ ಕಂಡಿತು. ಮೊದಲು ಬಂದ ಹೆಣ್ಣುಮಕ್ಕಳು ಚಪ್ಪಲಿ ಹೊರಗೇ ಬಿಟ್ಟು, ಕೈಮುಗಿದು, ಲೊಚಗುಟ್ಟಿ, ನೆರವಿಗೆಂದು ಇಟ್ಟಿದ್ದ ಡಬ್ಬಿಗೆ ಚಿಲ್ಲರೆ ಹಾಕಿ, ಸುಮ್ಮನೆ ಹೊರಟುಹೋದರು. ಉಳಿದ ಫೋಟೋಗಳ ಕಡೆ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಕಾಕಾ ಬಂದರು. ಹಾರ ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ನಿಧಾನ ಹೋಗಿ ಅದನ್ನು ಬಿಚ್ಚಿ ನನ್ನ ಕೈಗಿಟ್ಟರು.

"ಆಕಿ ಹೋಗ್ಯಾಳಂತ ನಿನಗ ಯಾರ್ ಹೇಳ್ಯಾರ?"

"ರೂಢಿ ಕಾಕಾ. ದೊಡ್ಡ ಫೋಟೋ ಅಂದಮ್ಯಾಲೆ..."

"ಈ ಕಟ್ಟು ನಾ ಆಕಿ ಕೈಯಾಗ ಕೊಡಾಕ ಹೊಂಟೇನಿ. ಸತ್ತವರಿಗೆ ಯಾರರ ಕಂಬಳಿ ಒಯ್ತಾರೇನು?"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಆ ಫೋಟೋದ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ ತಾವೇ ಹೇಳತೊಡಗಿದರು. "ಇವರು ಇನ್ನೂ ಅದಾರ್ರಿ. ಮನಿ ಬಿದ್ದೈತಿ, ಚಳಿಯಾಗ ಹೊರಗ ಮಲಗ್ಯಾರ. ನನಗ ಮೂರ ದಿನ ರೊಟ್ಟಿ ಹಾಕ್ಯಾರ." ಅದು ನಿಜವೋ ಅಲ್ಲವೋ ಅವರಿಗೇ ಗೊತ್ತಿರಲಿಲ್ಲ. ಹೇಳುವಾಗ ಎಡಗಣ್ಣು ಪೂರ್ತಿ ತೆರೆದಿರುತ್ತಿತ್ತು.

ಜನ ಕೈಮುಗಿಯುವುದನ್ನು ಬಿಟ್ಟು ಮಾತಾಡತೊಡಗಿದರು. ಮುದುಕಿಯೊಬ್ಬಳು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, "ಅಯ್ಯ, ಇದು ನಮ್ಮ ಕಸೂತೀನ ಐತೆಲ್ಲವಾ, ಈಕಿಗೆ ಯಾರ್ ಕಲಿಸ್ಯಾರ?" ಎಂದಳು. ಮರುದಿನ ಅದೇ ಮುದುಕಿ ಮೊಮ್ಮಗನ ತಲೆಯ ಮೇಲೆ ಎರಡು ಕೌದಿ ಹೊರಿಸಿಕೊಂಡು ಬಂದಳು. ಡಬ್ಬಿ ತುಂಬಿದ್ದು ನಿಜ. ಆದರೆ ಕೋಣೆಯ ಮೂಲೆಯಲ್ಲಿ ಕಂಬಳಿ, ಕೌದಿಗಳ ರಾಶಿ ಬೆಳೆದದ್ದನ್ನೇ ಕಾಕಾ ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡುತ್ತಿದ್ದರು.

ಅಲ್ಲಿಂದ ಫೋಟೋಗಳು ಟೆಂಪೋದಲ್ಲಿ ಮುನವಳ್ಳಿಗೆ, ಸವದತ್ತಿಗೆ, ಭಾರತ ಹುಣ್ಣಿಮೆಯ ಜಾತ್ರೆಗೆ ಉಗರಗೋಳಕ್ಕೆ ಹೋದವು. ಎಲ್ಲಮ್ಮನ ಗುಡ್ಡದಿಂದ ಇಳಿದು ಬಂದ ಒಬ್ಬಾಕೆ ಅಜ್ಜಿಯ ಫೋಟೋದ ಹಣೆಗೆ, ಗಾಜಿನ ಮೇಲೆಯೇ, ಅರಿಸಿನದ ಹಳದಿ ಭಂಡಾರ ಹಚ್ಚಿಬಿಟ್ಟಳು. ಹಾರದ ನೆನಪಿನಿಂದ ಹೆದರಿದ್ದ ನಾನು ಒರೆಸಲು ಅರಿವೆ ಹಿಡಿದು ಓಡಿದೆ.

"ಇರ್ಲಿ ಬಿಡು" ಎಂದರು ಕಾಕಾ. "ಭಂಡಾರ ಬದುಕಿದ್ದವರಿಗೂ ಹಚ್ತಾರ."

ನಮ್ಮ ಪೇಟೆಯ ಹತ್ತಿ ವ್ಯಾಪಾರಿಯೊಬ್ಬರ ಲಾರಿ ಗುಜರಾತಿಗೆ ಹೊರಟಿತ್ತು. ಹತ್ತಿಯ ಜೊತೆಗೆ ಕಂಬಳಿಗಳು, ಡ್ರೈವರನ ಪಕ್ಕದಲ್ಲಿ ತೊಡೆಯ ಮೇಲೆ ಕಟ್ಟು ಇಟ್ಟುಕೊಂಡ ಕಾಕಾ. ಮೂರು ವಾರ ಸುದ್ದಿಯಿಲ್ಲ. ಕಾಕೂ ದಿನಕ್ಕೆರಡು ಸಲ ನನ್ನ ಅಂಗಡಿಗೆ ಬಂದು, ರಸ್ತೆಯ ಕಡೆ ನೋಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಊರಿಗೆ ಮರಳಿದ ಕಾಕಾ ಮನೆಗೂ ಹೋಗದೆ ನೇರ ಫೋಟೋ ತೊಳೆಯುವ ಕತ್ತಲೆ ಕೋಣೆ ಹೊಕ್ಕರು. ತಾಸಿನ ಮೇಲೆ ಒದ್ದೆ ಫೋಟೋ ಹಿಡಿದು ಬಂದು, "ನೋಡು" ಎಂದರು. ಮುರಿದ ಗೋಡೆಯ ಮುಂದೆ ಹಗ್ಗದ ಹೊರಸಿನ ಮೇಲೆ ಅಜ್ಜಿ, ಕಾಲಿಗೆ ಪಟ್ಟಿ, ಮಡಿಲಲ್ಲಿ ನನ್ನ ಕಟ್ಟು. ಗಾಜಿನ ಮೇಲೆ ಭಂಡಾರ ಇನ್ನೂ ಇತ್ತು. ಪಕ್ಕದಲ್ಲಿ ಕಾಕಾ, ಒಂದು ಕಿವಿ ಒಂದು ತೋಳು ಫೋಟೋದಿಂದ ಹೊರಗೇ ಉಳಿದು, ಬಾಯಿ ಅರ್ಧ ತೆರೆದುಕೊಂಡು. ತೆಗೆದವಳು ಅಜ್ಜಿಯ ಮೊಮ್ಮಗಳಂತೆ. ಇವರು ಪಲ್ಲೆಯ ಪ್ರಶ್ನೆಯನ್ನು ಅವಳಿಗೂ ಕಲಿಸಿಬಿಟ್ಟಿದ್ದರು. ನಾನು ಅಳುತ್ತಿದ್ದೆ, ಅವರು ನಗುತ್ತಿದ್ದರು.

ಆವತ್ತಿನಿಂದ ನಾನು ಕೇಳದೆ ಯಾವ ಕಟ್ಟಿಗೂ ಹಾರ ಹಾಕಿಲ್ಲ. ಯಾರ ಬಗ್ಗೆಯೂ ಮುಗಿಯಿತೆಂದು ಮೊದಲೇ ಅಂದುಕೊಳ್ಳಬಾರದೆಂದು ಕಲಿಸಿದವರು ಅವರು. ಆ ಋಣ ತೀರುವಂಥದ್ದಲ್ಲ.

ಆರೇಳು ವರ್ಷದ ನಂತರ ಒಂದು ಆಷಾಢದಲ್ಲಿ, ಹೊರಡಲು ಚೀಲ ತುಂಬಿಟ್ಟಿದ್ದ ಕಾಕಾ, ಮಲಗಿದಲ್ಲೇ ತೀರಿಕೊಂಡರು. ಊರಿನವರ ಫೋಟೋಗಳನ್ನೆಲ್ಲ ತೆಗೆದವರದು ಮನೆಯಲ್ಲಿ ಒಂದೂ ಇರಲಿಲ್ಲ. ಕಾಕೂ ಹುಡುಕಿ ಹುಡುಕಿ ಆ ಸೊಟ್ಟ ಫೋಟೋವನ್ನೇ ತಂದರು.

"ಅಜ್ಜಿನ್ನ ಬಿಟ್ಟು ಕಾಕಾನ್ನಷ್ಟ ದೊಡ್ಡದು ಮಾಡಸೂಣೇನ್ರಿ?" ಎಂದೆ.

"ಬ್ಯಾಡ. ಇಬ್ಬರೂ ಇರ್ಲಿ."

ಕಟ್ಟು ಹಾಕಿ ಮುಗಿಸಿ, ತಡೆಯಲಾರದೆ ಕೇಳಿದೆ, "ಹಾರ?"

ಕಾಕೂ ಫೋಟೋವನ್ನೇ ನೋಡುತ್ತ, "ಹ್ಯಾಂಗ ಹಾಕ್ತಿ ತಮ್ಮಾ" ಎಂದರು. "ಅದರಾಗ ಅಜ್ಜಿ ಅದಾಳ. ಆಕಿ ಹೋಗ್ಯಾಳಂತ ಯಾರ್ ಹೇಳ್ಯಾರ?"

ಆ ಕಟ್ಟು ಈಗಲೂ ಅವರ ಪಡಸಾಲೆಯಲ್ಲಿ ಹಾರವಿಲ್ಲದೆ ಇದೆ. ಹುಣ್ಣಿಮೆಗೊಮ್ಮೆ ಕಾಕೂ ಅದರ ಗಾಜಿಗೆ ಭಂಡಾರ ಹಚ್ಚುತ್ತಾರೆ, ಇಬ್ಬರ ಹಣೆಗೂ.