ಟಪಾಲಿನಲ್ಲಿ ಬಂದ ಭಾಷೆ

ಮೊನ್ನೆ ಅಳಿಯ ಮೊಮ್ಮಗಳಿಗೆಂದು ಹೊಸ ಹಿಂದಿ ಪಾಠದ ಪುಸ್ತಕ ತಂದುಕೊಟ್ಟ. ಮಗು ಅದನ್ನು ಓದುವ ಮೊದಲು ಮೂಗಿಗೆ ಹಿಡಿದು ಮೂಸಿತು. ನಾನೂ ಇಸಿದುಕೊಂಡು ಮೂಸಿದೆ. ಹೊಸ ಕಾಗದ, ಮಸಿ, ಅಂಟು ಎಲ್ಲ ಬೆರೆತ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಾವಿಬ್ಬರೂ ಹೀಗೆ ಮೂಸುತ್ತಾ ಕೂತದ್ದನ್ನು ನೋಡಿ, ಮೇಷ್ಟ್ರಾದ ಅಳಿಯನಿಗೆ ಸ್ವಲ್ಪ ಕಸಿವಿಸಿಯಾಯಿತೆಂದು ಕಾಣುತ್ತದೆ.

"ಅತ್ತೆ, ಇನ್ನು ಮುಂದೆ ದೇಶಕ್ಕೆಲ್ಲ ಒಂದು ಭಾಷೆ ಬೇಕಾಗ್ತದೆ. ಈಗಿನಿಂದಲೇ ಕಲಿತರೆ ಒಳ್ಳೇದು" ಎಂದ.

"ದೇಶಕ್ಕೇನಪ್ಪ, ಇಡೀ ಪ್ರಪಂಚಕ್ಕೇ ಒಂದು ಭಾಷೆ ನಮ್ಮ ತೋಟಕ್ಕೆ ಟಪಾಲಲ್ಲಿ ಬಂದಿತ್ತು" ಎಂದೆ.

ಅವನು ತಮಾಷೆಯೆಂದುಕೊಂಡ. ನೀವಾದರೂ ಹಾಗೆ ಅಂದುಕೊಳ್ಳಬೇಡಿ, ನಿಜವಾಗಿ ಬಂದಿತ್ತು.

ನಾನು ಚಿಕ್ಕಮಗಳೂರಿನ ಬಟ್ಟೆ ಅಂಗಡಿಯವರ ಮಗಳು. ಮದುವೆಯಾಗಿ ಹೋದದ್ದು ಕಳಸದ ಕಡೆಯ ಒಂದು ಕಾಫಿ ತೋಟಕ್ಕೆ. ನಮ್ಮವರು ಅಲ್ಲಿ ರೈಟರು. ಅಂದರೆ ತೋಟದ ಲೆಕ್ಕ, ಹಾಜರಿ, ಕಾಗದಪತ್ರವೆಲ್ಲ ಅವರದು. ಪೇಟೆಯಲ್ಲಿದ್ದಾಗ ನನಗೆ ಕನ್ನಡವೊಂದೇ ಸಾಕಾಗಿತ್ತು. ತೋಟದಲ್ಲಿ ಬಾಗಿಲು ತೆಗೆದರೆ ಸಾಕು, ನಾಲ್ಕು ಕಡೆಯಿಂದ ನಾಲ್ಕು ಭಾಷೆ ನುಗ್ಗುತ್ತಿದ್ದವು. ದೊರೆಯದು ಇಂಗ್ಲಿಷು. ಘಟ್ಟದ ಕೆಳಗಿನಿಂದ ಬಂದವರದು ತುಳು. ಪೆರುಮಾಳ್ ಮೇಸ್ತ್ರಿ ಕರೆತಂದ ಆಳುಗಳದು ತಮಿಳು. ಸುತ್ತಲ ಹಳ್ಳಿಯವರದು ಕನ್ನಡವೇ ಆದರೂ, ನನ್ನ ಪೇಟೆ ಕನ್ನಡ ಕೇಳಿ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೊದಲ ಮೂರು ತಿಂಗಳು ನಾನು ಹೆಚ್ಚಾಗಿ ಕೈಸನ್ನೆಯಲ್ಲೇ ಬದುಕಿದೆ ಎಂದರೆ ತಪ್ಪಿಲ್ಲ.

ದೊರೆಯ ಒಂದು ಮಾತು ಕೆಲಸದವರನ್ನು ಮುಟ್ಟಬೇಕಾದರೆ ಇಷ್ಟು ಭಾಷೆಗಳನ್ನೂ ದಾಟಬೇಕಿತ್ತು. ದೊರೆ ನಮ್ಮವರಿಗೆ ಹೇಳಬೇಕು, ನಮ್ಮವರು ಮೇಸ್ತ್ರಿಗೆ, ಮೇಸ್ತ್ರಿ ಆಳಿಗೆ. ಒಂದು ವರ್ಷ ಮರಗಸಿ ಮಾಡುವ ಕಾಲ ಬಂತು. ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡುತ್ತಾರಲ್ಲ, ಆ ಕೆಲಸ. ಬಂಗಲೆಯ ಪಕ್ಕದ ಹಲಸಿನ ಮರವನ್ನು ಬಿಟ್ಟು ಉಳಿದದ್ದನ್ನು ಸವರಿ ಎಂದು ದೊರೆ ಹೇಳಿದ್ದ. ಆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುವುದೆಂದರೆ ಅವನಿಗೆ ಪ್ರಾಣ. ಮಧ್ಯಾಹ್ನ ಬಂದು ನೋಡಿದರೆ ಉಳಿದ ಮರಗಳೆಲ್ಲ ಹಾಗೆಯೇ ನಿಂತಿವೆ, ಹಲಸೊಂದು ಮಲಗಿದೆ. ಪಕ್ಕದಲ್ಲಿ ಆಳುಗಳು ಹಲಸಿನ ತೊಳೆ ಬಿಡಿಸಿ ತಿನ್ನುತ್ತಾ, ದೊರೆಗೂ ಒಂದಿಷ್ಟು ಎತ್ತಿಟ್ಟಿದ್ದರು.

ದೊರೆಯ ಸಿಟ್ಟು ಎರಡು ದಿನಕ್ಕೆ ಇಳಿಯಿತು. ನಮ್ಮವರ ಸಂಕಟ ಇಳಿಯಲಿಲ್ಲ. "ಯಾರದ್ದೂ ತಪ್ಪಲ್ಲ ಕಣೇ, ಮಾತೇ ದಾರಿಯಲ್ಲಿ ಕೆಟ್ಟುಹೋಯ್ತು" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಆಮೇಲೆ ಯಾವುದೋ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಮದ್ರಾಸಿಗೆ ಕಾಗದ ಬರೆದರು. ಹದಿನೈದು ದಿನಕ್ಕೆ ಪುಸ್ತಕ ಬಂತು. ಎಸ್ಪೆರಾಂಟೊ ಎಂದು ಅದರ ಹೆಸರು. ಯಾರ ಊರಿನದೂ ಅಲ್ಲದ, ಎಲ್ಲರಿಗೂ ಸುಲಭವಾಗಲಿ ಎಂದು ಯಾರೋ ಪುಣ್ಯಾತ್ಮರು ಕೂತು ಮಾಡಿದ ಭಾಷೆ. ನಮ್ಮವರು ಆ ಪುಸ್ತಕವನ್ನು ತೆರೆದು, ನಮ್ಮ ಮೊಮ್ಮಗಳ ಹಾಗೆಯೇ, ಮೊದಲು ಮೂಸಿದರು.

"ಹೆಸರೆಲ್ಲ ‘ಓ’ ಅಂತ ಮುಗೀತದೆ, ಅಷ್ಟೇ. ನೀರು ಆಕ್ವೊ, ಮಳೆ ಪ್ಲುವೊ, ಕಾಫಿ ಕಾಫೊ. ಎಷ್ಟು ಸಲೀಸು ನೋಡು!"

"ಕಾಫಿ ಅಂದ್ರೇ ಸಲೀಸಾಗಿದೆಯಲ್ಲ" ಎಂದೆ. ಅವರಿಗೆ ಕೇಳಿಸಲಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಪಾಠ ಶುರುವಾಯಿತು. ಮೊದಲ ವಾರ ಮೂವತ್ತು ಜನ ಬಂದರು. ನಮ್ಮವರು ಅದನ್ನು ವಿದ್ಯೆಯ ಹಸಿವೆಂದುಕೊಂಡರು. ನಾನು ಮಾಡಿಟ್ಟಿದ್ದ ಬೆಲ್ಲದ ಕಾಫಿಗೂ ಅದರಲ್ಲಿ ಪಾಲಿತ್ತೆಂದು ನನ್ನ ನಂಬಿಕೆ. ತಂಬಿಗೆ ಎತ್ತಿ ತೋರಿಸಿ "ಆಕ್ವೊ" ಎನ್ನುವರು, ಎಲ್ಲರೂ "ಆಕ್ವೊ" ಎಂದು ಕೂಗುವರು. ವಾರ ಕಳೆಯುವುದರೊಳಗೆ ತೋಟದಲ್ಲೆಲ್ಲ ಕತ್ತಿಯೋ, ಬುಟ್ಟಿಯೋ, ಗಂಜಿಯೋ ಎಂದು ಓಕಾರವೋ ಓಕಾರ. ಇಷ್ಟಕ್ಕೇ ವಿಶ್ವಭಾಷೆ ಬಂದುಬಿಟ್ಟಿತೆಂದು ಅರ್ಧ ಜನ ಪಾಠ ಬಿಟ್ಟರು.

ಉಳಿದವರಲ್ಲಿ ಹೆಚ್ಚಿನವರು ಬಿಟ್ಟದ್ದು ನಲ್ಲಿಯ ಜಗಳದಿಂದ. ತುಳುವಿನ ಹೆಂಗಸರೂ ತಮಿಳಿನ ಹೆಂಗಸರೂ ನೀರಿಗೆ ಜಗಳವಾಡಿದಾಗ ನಮ್ಮವರು ಮಧ್ಯೆ ನಿಂತು, ಒಬ್ಬರನ್ನೊಬ್ಬರು "ಫ್ರಾತೀನೊ" ಎನ್ನಿ, ಹಾಗೆಂದರೆ ಅಕ್ಕತಂಗಿ, ಎಂದು ಹೇಳಿಕೊಟ್ಟರು. ಹೇಳಿಕೊಟ್ಟದ್ದು ಇಂಥ ಗಲಾಟೆಯ ನಡುವೆ. ಅರ್ಥ ಯಾರಿಗೂ ಕೇಳಿಸಲಿಲ್ಲ, ಶಬ್ದ ಮಾತ್ರ ಎಲ್ಲರಿಗೂ ಕೇಳಿಸಿತು. ಮಾರನೆಯ ದಿನದಿಂದ ನಮ್ಮ ತೋಟದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. "ನೀನು ಫ್ರಾತೀನೊ, ನಿಮ್ಮಮ್ಮ ಫ್ರಾತೀನೊ!" ಎಂದು ಕೊಡ ಬೀಸುತ್ತಿದ್ದರು. ಅಂಥವರು ಒಂದೇ ಜಗಲಿಯಲ್ಲಿ ಕೂರುವುದುಂಟೇ? ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಆಗ ಅವರಿಗೆ ಸಮಾಧಾನ ಹೇಳಿದೆನೇ? ಇಲ್ಲ. ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಆ ಪುಸ್ತಕವನ್ನು ಕಂಡರೆ ಹೊಟ್ಟೆಕಿಚ್ಚು. ಮದುವೆಯಾದ ಹೊಸತರಲ್ಲಿ ನನ್ನ ಜೊತೆ ಆಡುತ್ತಿದ್ದ ಮಾತನ್ನೆಲ್ಲ ಅವರು ಈಗ ಅದರ ಜೊತೆ ಆಡುತ್ತಿದ್ದರು. ಊಟದ ಹೊತ್ತಿಗೆ "ಆಕ್ವೊ" ಎಂದರೆ ನಾನು ಉಪ್ಪಿನಕಾಯಿ ಬಡಿಸುತ್ತಿದ್ದೆ. "ನೀನೂ ಕಲಿ" ಎಂದರೆ, "ನನಗೆ ಇರೋ ಭಾಷೆಯಲ್ಲೇ ಹೇಳಿ ಮುಗಿಸೋಕೆ ಆಗಿಲ್ಲ" ಎನ್ನುತ್ತಿದ್ದೆ. ಆದರೆ ಪಾಠ ನಡೆಯುವಾಗ ಬಾಗಿಲ ಹಿಂದೆ ಕೂತು ಅಕ್ಕಿ ಆರಿಸುವವಳು ನಾನೇ ಅಲ್ಲವೇ? ಕಿವಿಗೆ ಬಾಗಿಲು ಹಾಕಲು ಬರುವುದಿಲ್ಲ. ಕೇಳಿ ಕೇಳಿ ಅದು ತಾನಾಗಿಯೇ ನನ್ನೊಳಗೆ ಇಳಿಯಿತು. ಅದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡಲಿಲ್ಲ.

ಕಡೆಗೆ ಉಳಿದವರು ಇಬ್ಬರು. ಒಬ್ಬಳು ವಳ್ಳಿ, ಪೆರುಮಾಳ್ ಮೇಸ್ತ್ರಿಯ ಮಗಳು. ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆದು, ಅಪ್ಪನ ಬಳಿ ಬಂದು ಆರು ತಿಂಗಳಾಗಿತ್ತು. ತಮಿಳು ಬಿಟ್ಟರೆ ಬೇರೆ ಬಾರದು. ಇನ್ನೊಬ್ಬ ಐತಪ್ಪ, ಅಕ್ಕು ಎಂಬುವಳ ಮಗ. ಆ ಸಲ ಹೊಸದಾಗಿ ಘಟ್ಟ ಹತ್ತಿದವನು, ಅವನಿಗೆ ತುಳು ಮಾತ್ರ. ಇಬ್ಬರೂ ಜಗಲಿಯ ಎರಡು ಕಂಬಕ್ಕೆ ಒರಗಿ ಕೂತು, ಒಂದು ಭಾನುವಾರವೂ ತಪ್ಪಿಸದೆ ಕಲಿಯುತ್ತಿದ್ದರು. ನಮ್ಮವರಿಗೆ ಹೋದ ಜೀವ ಬಂದಂತಾಯಿತು. "ಇಬ್ಬರೇ ಸಾಕು. ಇವರಿಂದಲೇ ಹರಡ್ತದೆ, ನೋಡ್ತಾ ಇರು" ಎಂದರು.

ಒಂದು ಭಾನುವಾರ ಪಾಠ ಮುಗಿದು ನಮ್ಮವರು ಒಳಗೆ ಬಂದಿದ್ದರು. ಹೊರಗೆ ಐತಪ್ಪ ಮೆಲ್ಲಗೆ "ಮೋರ್ಗೌ?" ಎಂದ. ನಾಳೆ? ಎಂದು. ವಳ್ಳಿ ಇನ್ನೂ ಮೆಲ್ಲಗೆ "ಮೋರ್ಗೌ" ಎಂದಳು. ನಮ್ಮವರು ಅದನ್ನು ಕೇಳಿ "ಉಚ್ಚಾರ ಎಷ್ಟು ಶುದ್ಧ!" ಎಂದು ಹಿಗ್ಗಿದರು. ನಾನು ಮೊರದ ಮೇಲೆ ಬಗ್ಗಿ ನಗು ನುಂಗಿಕೊಂಡೆ. ನಾಳೆ ಎನ್ನುವುದನ್ನು ವ್ಯಾಕರಣಕ್ಕಾಗಿ ಯಾರೂ ಹಾಗೆ ಹೇಳುವುದಿಲ್ಲ.

ಆಮೇಲೆ ನಾನು ಹೆಚ್ಚು ಹೆಚ್ಚು ಅಕ್ಕಿ ಆರಿಸತೊಡಗಿದೆ. ಅವರ ಮಾತು ಪುಸ್ತಕವನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು. ಪುಸ್ತಕದ ಶಬ್ದಕ್ಕೆ ಅವಳು ತಮಿಳಿನ ಬಾಲ ಹಚ್ಚುವಳು, ಇವನು ತುಳುವಿನ ತಲೆ ಜೋಡಿಸುವನು, ಇಬ್ಬರೂ ನಗುವರು, ಮುಂದಿನ ವಾರದಿಂದ ಅದೇ ಮಾತಾಗುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ವಿಷಯ ಪೆರುಮಾಳನ ಕಿವಿಗೆ ಬಿತ್ತು. ಅವನು ಮಗಳ ಗಂಟು ಕಟ್ಟಿಸಿ, ಗುರುವಾರದ ಬಸ್ಸಿಗೆ ಊರಿಗೆ ಕಳಿಸುವುದೆಂದು ತೀರ್ಮಾನಿಸಿ, ಬುಧವಾರ ಬೆಳಿಗ್ಗೆ ನೇರ ನಮ್ಮ ಜಗಲಿಗೆ ಬಂದ. ಹಿಂದೆ ವಳ್ಳಿ. ಅಷ್ಟರಲ್ಲಿ ಅಕ್ಕುವೂ ಮಗನನ್ನು ಎಳೆದುಕೊಂಡು ಬಂದಳು.

"ರೈಟರಯ್ಯ, ನೀವು ಪಾಠ ಹೇಳ್ತೀನಿ ಅಂದ್ರಿ, ಹೇಳಿಕೊಟ್ಟದ್ದು ಇದನ್ನಾ?" ಎಂದ ಪೆರುಮಾಳ್. ಹತ್ತು ವರ್ಷದಿಂದ ಇಲ್ಲಿದ್ದ ಅವನ ಕನ್ನಡ ಚೆನ್ನಾಗಿಯೇ ಇತ್ತು.

ನಮ್ಮವರ ಮುಖ ಬಿಳಿಚಿಕೊಂಡಿತು. ಅವರಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಅಕ್ಕು ತುಳುವಿನಲ್ಲಿ ಮೇಸ್ತ್ರಿಯ ವಂಶವನ್ನೆಲ್ಲ ಬೈದಳು. ನಮ್ಮವರು ಅದನ್ನು "ಅವರಿಗೂ ಸ್ವಲ್ಪ ಬೇಜಾರಾಗಿದೆ" ಎಂದು ಕನ್ನಡಕ್ಕಿಳಿಸಿದರು. ಪೆರುಮಾಳ್ ತಮಿಳಿನಲ್ಲಿ ಹಲ್ಲು ಕಡಿದದ್ದನ್ನು "ಅವರು ಯೋಚನೆ ಮಾಡ್ತಿದಾರೆ" ಎಂದು ಅಕ್ಕುವಿಗೆ ತಿಳಿಸಿದರು. ಹೀಗೇ ಒಂದು ಗಳಿಗೆ ನಡೆಯಿತು. ಆಮೇಲೆ ಪೆರುಮಾಳ್ ದನಿ ತಗ್ಗಿಸಿ ಒಂದು ಮಾತು ಹೇಳಿದ.

"ಜಾತಿ ಊರು ಆಮೇಲೆ ಆಗ್ಲಿ ಅಯ್ಯ. ಇವಳಿಗೆ ತಾಯಿ ಇಲ್ಲ. ನಾಳೆ ಅವರ ಮನೇಲಿ ಇವಳಿಗೆ ಜ್ವರ ಬಂದ್ರೆ ಯಾವ ಮಾತಲ್ಲಿ ಹೇಳ್ತಾಳೆ? ನಾನು ಸತ್ತರೆ ಯಾವ ಮಾತಲ್ಲಿ ಅಳ್ತಾಳೆ?"

ಬಾಗಿಲ ಹಿಂದೆ ಮೊರ ಹಿಡಿದು ಕೂತಿದ್ದ ನನ್ನ ಕೈ ಅಕ್ಕಿಯಲ್ಲೇ ನಿಂತಿತು. ನಾನೂ ತಾನೇ ಮಾತು ಬಾರದ ಕಡೆಗೆ ಬಂದು ಬಿದ್ದವಳು?

ಆಗ ವಳ್ಳಿ ತಲೆಯೆತ್ತಿ ಐತಪ್ಪನನ್ನು ನೋಡಿ, ಅವರ ಭಾಷೆಯಲ್ಲಿ ಏನೋ ಹೇಳಿದಳು. ಐತಪ್ಪ, ಅಂಥ ಹೊತ್ತಿನಲ್ಲೂ, ಫಕ್ಕನೆ ನಕ್ಕುಬಿಟ್ಟ.

"ಏನಂದಳು?" ಎಂದ ಪೆರುಮಾಳ್.

ನಮ್ಮವರು ಬಾಯಿ ತೆರೆದರು. ಮುಚ್ಚಿದರು. ಅವರ ಕಣ್ಣು ಅರಳುತ್ತಾ ಹೋಯಿತು. "ಈ ರೂಪ ಪುಸ್ತಕದಲ್ಲೇ ಇಲ್ಲ!" ಎಂದು ಕೂಗಿದರು. "ಇವರೇ ಮಾಡಿಕೊಂಡಿದಾರೆ! ಭಾಷೆಗೆ ಜೀವ ಬಂದಿದೆ ಮೇಸ್ತ್ರಿ, ಜೀವ!"

"ಎಂಥ ಜೀವ ಮಾರಾಯ್ರೆ! ಅವಳು ಏನಂದಳು ಹೇಳಿ!"

ನಮ್ಮವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಮೊರ ಕೆಳಗಿಟ್ಟು ಹೊರಗೆ ಬಂದೆ.

"ಹೆದರಬೇಡ ಅಂತ ಹೇಳಿದಳು" ಎಂದೆ. "ಅಪ್ಪನಿಗೆ ನಿಜವಾಗಿ ಸಿಟ್ಟು ಬಂದ್ರೆ ಅವರು ಮಾತೇ ಆಡೋಲ್ಲ, ಈಗ ಆಡ್ತಿದಾರಲ್ಲ, ಅಂದಳು."

ಪೆರುಮಾಳ್ ಮಾತು ನಿಲ್ಲಿಸಿದ. ವಳ್ಳಿಯ ಲೆಕ್ಕದಲ್ಲಿ ಈಗ ನಿಜವಾದ ಸಿಟ್ಟು ಬಂದಿರಬೇಕು. ಅಕ್ಕು ನನ್ನ ಸೆರಗು ಜಗ್ಗಿ "ದಾನೆ, ದಾನೆ" ಎಂದು ಕೇಳಿದಳು, ಏನು ಏನು ಎಂದು. ನಾನು ನಲ್ಲಿಯ ಹತ್ತಿರ ಕಲಿತ ಹರಕು ತುಳುವಿನಲ್ಲಿ ವಿವರಿಸಿದೆ. ನಾನು ಹೇಳಿದ್ದರ ಅರ್ಥ "ಮೇಸ್ತ್ರಿಗೆ ಊಟ ಸಿಕ್ಕಿದರೆ ಬಾಯಿ ಮುಚ್ಚುತ್ತದೆ" ಎಂದಾಗಿತ್ತಂತೆ. ಅಕ್ಕು ಒಂದು ಕ್ಷಣ ನನ್ನನ್ನೇ ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಾ ಜಗಲಿಯ ಮೇಲೆ ಕೂತೇಬಿಟ್ಟಳು. ಆ ನಗು ಕಂಡು ಐತಪ್ಪ ನಕ್ಕ, ವಳ್ಳಿ ನಕ್ಕಳು. ಪೆರುಮಾಳ್ ಮಗಳ ಕಡೆ ತಿರುಗಿದ.

"ನನ್ನ ಅಷ್ಟು ತಿಳ್ಕೊಂಡಿದೀಯಾ? ಅದನ್ನ ಅವನಿಗೆ ತಿಳಿಯೋ ಹಾಗೆ ಹೇಳೋಕೂ ಬರ್ತದಾ?" ಎಂದು ತಮಿಳಿನಲ್ಲಿ ಕೇಳಿದ. ಆಮೇಲೆ ನಮ್ಮವರ ಕಡೆ ತಿರುಗಿ, "ಅವನಿಗೆ ಹೇಳಿ ಅಯ್ಯ, ತಮಿಳೂ ಕಲೀಬೇಕು. ನನ್ನ ಹತ್ತಿರ ಈ ಓ ಓ ನಡೆಯೋದಿಲ್ಲ" ಎಂದ. ಗುರುವಾರದ ಬಸ್ಸು ವಳ್ಳಿಯನ್ನು ಬಿಟ್ಟೇ ಹೋಯಿತು.

ಅವರೆಲ್ಲ ಹೋದ ಮೇಲೆ ನಮ್ಮವರು ನನ್ನನ್ನೇ ನೋಡುತ್ತಾ ನಿಂತಿದ್ದರು. "ನಿನಗೆ ಬರ್ತದಾ?"

"ಯೆಸ್" ಎಂದೆ. ಆ ಭಾಷೆಯಲ್ಲಿಯೂ ಹೌದಿಗೆ ಹಾಗೇ ಎನ್ನುವುದು, ನೋಡಿ. ಅಂದು ಮಧ್ಯಾಹ್ನ ಅವರು ಹಾಜರಿ ಬರೆಯಲು ಹೋಗಲೇ ಇಲ್ಲ. ಕೂತು ಮಾತಾಡಿದೆವು, ಯಾವ ಭಾಷೆಯಲ್ಲೆಂದು ಈಗ ನೆನಪಿಲ್ಲ.

ಮದುವೆಯ ದಿನ ತೋಟಕ್ಕೆ ರಜೆ. ಮೂರು ಕಡೆಯ ಹಾಡು, ಎರಡು ಕಡೆಯ ಅಡುಗೆ. ನಮ್ಮವರು ಬೆಂಚಿನ ಮೇಲೆ ನಿಂತು ವಿಶ್ವಭಾಷೆಯಲ್ಲಿ ಭಾಷಣ ಮಾಡಿದರು. ಕೇಳಿಸಿಕೊಂಡವರು ಇನ್ನೂರು, ತಿಳಿದವರು ಮೂವರು, ಚಪ್ಪಾಳೆ ತಟ್ಟಿದವರು ಎಲ್ಲರೂ. ಹೋದ ವರ್ಷ ಆಲ್ದೂರಿನ ಹತ್ತಿರ ವಳ್ಳಿ ಐತಪ್ಪರ ಮನೆಗೆ ಹೋಗಿದ್ದೆ. ಐತಪ್ಪ ಈಗ ಅಲ್ಲಿ ಮೇಸ್ತ್ರಿ, ಮಾವನಿಗಿಂತ ಜೋರಾಗಿ ತಮಿಳು ಆಡುತ್ತಾನೆ. ಕಿರಿ ಮಗಳು ನನ್ನ ಕೈ ಹಿಡಿದು ಕರು ತೋರಿಸಲು ಕರೆದೊಯ್ಯುತ್ತಾ, ನಾಲ್ಕು ಭಾಷೆಯ ನಾಲ್ಕು ಮಾತನ್ನು ಒಂದೇ ಉಸಿರಿನಲ್ಲಿ ಆಡಿತು. ಅದಕ್ಕೆ ಅವೆಲ್ಲ ಒಂದೇ.

ಇಷ್ಟೆಲ್ಲ ಕೇಳಿ ಅಳಿಯ, "ಹಾಗಾದ್ರೆ ಪ್ರಪಂಚಕ್ಕೆ ಒಂದೇ ಭಾಷೆ ಬೇಕೋ ಬೇಡವೋ ಅತ್ತೆ?" ಎಂದ. ಮೇಷ್ಟ್ರಲ್ಲವೇ, ಉತ್ತರ ಬೇಕು.

"ನನಗೆ ಗೊತ್ತಿಲ್ಲಪ್ಪ. ಬೇಕು ಅಂತ ಆಸೆ ಪಟ್ಟವರು ಒಳ್ಳೆಯವರು ಅಂತ ಮಾತ್ರ ಗೊತ್ತು" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಈ ಕತೆಯನ್ನು ನಾನು ನಮ್ಮವರನ್ನು ಗೇಲಿ ಮಾಡುವುದಕ್ಕೇ ಹೇಳುತ್ತಿದ್ದೆ. ನೆಂಟರು ಬಂದಾಗ, ಫ್ರಾತೀನೊ ಬರುವಲ್ಲಿಗೆ ನಿಲ್ಲಿಸಿ ಎಲ್ಲರನ್ನೂ ನಗಿಸಿ, ನಮ್ಮವರು ಎದ್ದು ಹೊರಗೆ ಹೋಗುವುದನ್ನು ನೋಡುತ್ತಿದ್ದೆ.

ಎದ್ದು ಹಿತ್ತಲಿಗೆ ಹೋದೆ. ಅವರು ಬಿಸಿಲಿಗೆ ಕೂತು ಕನ್ನಡಕ ಒರೆಸುತ್ತಿದ್ದರು. ಪಕ್ಕದಲ್ಲಿ ಕೂತೆ.

"ರೀ, ಆ ಭಾಷೆಯಲ್ಲಿ ‘ತಪ್ಪಾಯ್ತು’ ಅನ್ನೋಕೆ ಏನಂತಾರೆ?"

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಹಣೆ ಉಜ್ಜಿದರು.

"ಆ ಪಾಠದ ತನಕ ನಾವು ಹೋಗಲೇ ಇಲ್ಲ ಕಣೇ" ಎಂದರು.

ಇಬ್ಬರಿಗೂ ಎಂಥ ನಗು ಬಂತೆಂದರೆ, ಮಗಳು ಸೌಟು ಹಿಡಿದುಕೊಂಡೇ ಓಡಿಬಂದು ಏನಾಯಿತೆಂದು ಕೇಳಿದಳು. ಹೇಳಲು ಇಬ್ಬರಿಗೂ ಮಾತೇ ಹೊರಡಲಿಲ್ಲ.