ಲೇತ್ ಮಾರದ ಶರಣಮ್ಮ

ಬೆಂಗಳೂರಿನ ಪೀಣ್ಯದಲ್ಲಿ, ಲೇತ್ ಯಂತ್ರದ ಮೇಲೆ ಪಂಪಿನ ಶಾಫ್ಟ್ ಕಡೆಯುವ ಸಣ್ಣ ಶೆಡ್ಡು ಶರಣಮ್ಮನದು. ರಾಣೆಬೆನ್ನೂರಿನ ಹೆಣ್ಣು. ಗಂಡ ತೀರಿಕೊಂಡಾಗ "ಹೆಂಗಸಿಗ್ಯಾಕ ಲೇತು, ಮಾರಿಬಿಡು" ಎಂದ ಮೈದುನನನ್ನು ಬಾಗಿಲಿಂದಲೇ ವಾಪಸು ಕಳಿಸಿದವಳು.

೧೯೯೮ರ ಜನವರಿಯಲ್ಲಿ ಪಂಪ್ ಕಂಪನಿಯೊಂದರಿಂದ ದೊಡ್ಡ ಆರ್ಡರ್ ಬಂತು. ಉಕ್ಕು ಕೊಳ್ಳಲು ಸಾಲ ಕೇಳಿದರೆ ಬ್ಯಾಂಕ್ ಮ್ಯಾನೇಜರ್ ವಿಶ್ವನಾಥ್ ಆಗದೆಂದರು.

"ರೂಪಾಯಿ ಬೀಳ್ತಾ ಇದೆ ಮೇಡಂ. ಅದನ್ನ ತಡೆಯೋಕೆ ರಿಸರ್ವ್ ಬ್ಯಾಂಕು ಬಡ್ಡಿ ದರಾನ ಶೇಕಡಾ ಒಂಬತ್ತರಿಂದ ಹನ್ನೊಂದಕ್ಕೆ ಏರಿಸಿದೆ."

"ಬಡ್ಡಿ ಏರಿದ್ರ ಕಟ್ಟತೀನ್ರಿ. ರೊಕ್ಕಾನ ಇಲ್ಲ ಅಂದ್ರ ಹೆಂಗ?"

"ನಾವು ಕೊಡೋ ಸಾಲಾನೇ ಊರಲ್ಲಿ ಓಡಾಡೋ ದುಡ್ಡು. ನಿಮ್ಮಿಂದ ಉಕ್ಕಿನವನಿಗೆ ಹೋಗುತ್ತೆ, ಅವನು ತನ್ನ ಬ್ಯಾಂಕಲ್ಲಿ ಇಡ್ತಾನೆ, ಅವರು ಅದನ್ನೇ ಇನ್ನೊಬ್ಬರಿಗೆ ಕೊಡ್ತಾರೆ. ದರ ಏರಿದ್ರೆ ಸಾಲ ಕೇಳೋರು ಕಮ್ಮಿ. ಜೊತೆಗೆ ನಮ್ಮ ಠೇವಣೀಲಿ ಇನ್ನಷ್ಟು ಪಾಲು ರಿಸರ್ವ್ ಬ್ಯಾಂಕಿನ ಹತ್ರಾನೇ ಇಡಿ ಅಂದಿದ್ದಾರೆ. ಎರಡೂ ಸೇರಿ ದುಡ್ಡು ಬಿಗಿಯಾಗುತ್ತೆ; ಡಾಲರ್ ಕೊಳ್ಳೋರಿಗೂ ರೂಪಾಯಿ ಸುಲಭಕ್ಕೆ ಸಿಗಲ್ಲ, ನಿಮಗೂ ಸಿಗಲ್ಲ."

"ಅಂದ್ರ ರೂಪಾಯಿ ಉಳಿಯಾಕ ನಾ ಮುಳುಗಬೇಕೇನ್ರಿ?"

"ನನ್ನ ಕೈಲೇನಿದೆ ಮೇಡಂ?"

ಆ ಮಾತು ಸುಳ್ಳಲ್ಲವೆಂದು ಗೊತ್ತಿದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅಲ್ಲಿಂದ ನೇರ ಪಂಪ್ ಕಂಪನಿಗೆ ಹೋಗಿ, ಖರೀದಿ ನೋಡಿಕೊಳ್ಳುವ ಶ್ಯಾಮಣ್ಣನ ಎದುರು ಕೂತಳು.

"ಉಕ್ಕು ನೀವ ಕಳಸ್ರಿ. ನಾ ಕಡದು ಕೊಡತೀನಿ. ಕೂಲಿ ಅಷ್ಟ ಕೊಡ್ರಿ."

"ಬೇರೆಯವರು ಉಕ್ಕೂ ಹಾಕಿ, ದುಡ್ಡಿಗೆ ತಿಂಗಳುಗಟ್ಟಲೆ ಕಾಯ್ತಾರಲ್ಲಮ್ಮ?"

"ಕಾಯೋರಿಗೇ ಕೊಡ್ರಿ ಹಂಗಾರ." ಅವಳು ಎದ್ದು ಬಂದಳು.

ಲೇತ್ ನಿಂತಿತು. ಅಕ್ಕಪಕ್ಕದ ಶೆಡ್ಡುಗಳಿಗೆ ಬೀಗ ಬಿತ್ತು. ಹಳೆ ಯಂತ್ರ ಕೊಳ್ಳುವವನು ಎರಡು ಸಲ ಬಂದು ಬೈಸಿಕೊಂಡು ಹೋದ. ಕೆಲಸಗಾರ ಕೊಟ್ರಪ್ಪ ತಾನಾಗಿಯೇ ಊರಿಗೆ ಹೋಗುತ್ತೇನೆಂದಾಗ, "ಯಾರ ಅಪ್ಪಣಿ ಕೇಳಿದಿ?" ಎಂದು ಗದರಿ ಕೂರಿಸಿದಳು. ಚಿಕ್ಕಬಾಣಾವರದ ಕಡೆಯ ಕೊಳವೆಬಾವಿ ಪಂಪುಗಳ ರಿಪೇರಿ ತಂದು ಅವನ ಸಂಬಳ ಹುಟ್ಟಿಸಿದಳು.

ದುಡ್ಡಿಗೆ ಕಾಯುತ್ತೇವೆಂದಿದ್ದ ಬೇರೆಯವರಿಗೂ ಉಕ್ಕು ಕೊಳ್ಳಲು ಬ್ಯಾಂಕು ಸಾಲ ಕೊಟ್ಟಿರಲಿಲ್ಲ. ಅವರಿಂದ ಶಾಫ್ಟ್ ಬಾರದೆ ಕಂಗಾಲಾದ ಶ್ಯಾಮಣ್ಣ ಕೊನೆಗೆ ಲಾರಿಯಲ್ಲಿ ಉಕ್ಕು ಕಳಿಸಿದ. ಲಾಭ ಮೊದಲಿಗಿಂತ ಕಡಿಮೆಯಾದರೂ ಲೇತ್ ತಿರುಗಿತು.

ಬೇಸಿಗೆಯಲ್ಲಿ ದರ ಇಳಿದಾಗ ವಿಶ್ವನಾಥ್ ತಾವಾಗಿಯೇ ಫೋನ್ ಮಾಡಿದರು: "ಉಕ್ಕಿಗೆ ಸಾಲ ಈಗ ಕೊಡಬಹುದು ಮೇಡಂ."

"ಉಕ್ಕಿಗೆ ಬ್ಯಾಡ್ರಿ, ಅದನ್ನ ಕಂಪನಿಯವರ ಕಳಸ್ತಾರ. ಇನ್ನೊಂದು ಲೇತಿಗೆ ಕೊಡ್ರಿ."

"ದರ ಮತ್ತೆ ಏರಿದ್ರೆ?"

"ಏರಲಿ ಬಿಡ್ರಿ," ಎಂದಳು ಶರಣಮ್ಮ, "ನಾ ಇಲ್ಲೇ ಇರತೀನಿ."